ಈ ತಿಂಗಳು ಏನು ನಿಂತಿತ್ತು?

ಕೊಪ್ಪಳದ ಐಟಿಐ ಒಂದರಲ್ಲಿ ಎಲೆಕ್ಟ್ರಿಷಿಯನ್‌ ಟ್ರೇಡ್‌ ಕಲಿಸುತ್ತೇನೆ. ಇಲ್ಲಿಂದ ಹೊಸಪೇಟೆ ಕಡೆ ಹೊರಟರೆ ಗಿಣಿಗೇರಾದ ಹತ್ತಿರವೇ ಉಕ್ಕಿನ ಕಾರ್ಖಾನೆಗಳ ಚಿಮಣಿ ಕಾಣುತ್ತವೆ, ಹೊಸಪೇಟೆ ದಾಟಿದರೆ ತೋರಣಗಲ್ಲು. ಕೆಲಸ ಕಣ್ಣೆದುರಿಗಿದ್ದೂ ನಮ್ಮ ಹುಡುಗರು ಎರಡು ವರ್ಷದ ಕೋರ್ಸ್‌ ಮುಗಿಸಿ ಬೆಂಗಳೂರು ಬಸ್‌ ಹತ್ತುತ್ತಿದ್ದರು. ಅದು ನನಗೆ ನುಂಗಲಾರದ ತುತ್ತಾಗಿತ್ತು.

ಒಂದು ಕಾರ್ಖಾನೆಯ ಎಚ್‌ಆರ್‌ನವರನ್ನು ಕೇಳಿದೆ. ‘ಪಿಎಲ್‌ಸಿ ಬರಬೇಕು’ ಅಂದರು. ಬರೆದಿಟ್ಟ ಪ್ರೋಗ್ರಾಂ ಪ್ರಕಾರ ಯಂತ್ರ ನಡೆಸುವ ಚಿಕ್ಕ ಕಂಪ್ಯೂಟರ್‌ ಅದು. ಕಂಪ್ಯೂಟರಿಗೆ ಸಿಮ್ಯುಲೇಟರ್‌ ಹಾಕಿ ಮೂರು ತಿಂಗಳು ಲ್ಯಾಡರ್‌ ಲಾಜಿಕ್‌, ಅಂದರೆ ಪಿಎಲ್‌ಸಿಯ ಪ್ರೋಗ್ರಾಂ, ಬರೆಸಿದೆ. ಸಂದರ್ಶನಕ್ಕೆ ಹೋದ ಒಂಬತ್ತು ಜನರಲ್ಲಿ ಒಬ್ಬರೂ ಆಯ್ಕೆಯಾಗಲಿಲ್ಲ.

ಕಾರಣ ಕೇಳಲು ಮೆಂಟೆನೆನ್ಸ್‌ ಶಿಫ್ಟ್‌ ಇನ್‌ಚಾರ್ಜ್‌ ಹತ್ತಿರವೇ ಹೋದೆ.

“ಸರ, ಪ್ರೋಗ್ರಾಂ ಬರಿಯಾಕ ಹೊರಗಿನವರು ಬರ್ತಾರ. ರಾತ್ರಿ ಎರಡಕ್ಕ ಬೆಲ್ಟ್‌ ನಿಂತ್ರ ಎಲ್ಲಿ ಕೆಟ್ಟೈತಿ ಅಂತ ಹುಡುಕೋರು ನಮಗ ಬೇಕ್ರಿ. ನಿಮ್ಮ ಹುಡುಗ್ರಿಗೆ ವೈರಿಂಗ್‌ ಡ್ರಾಯಿಂಗ್‌ ಓದಾಕ ಬರಂಗಿಲ್ಲ.”

ಅನುಮತಿ ಪಡೆದು ಎರಡು ರಾತ್ರಿ ಪಾಳಿ ಅಲ್ಲೇ ಕೂತೆ. ಎರಡನೇ ರಾತ್ರಿ ಕನ್ವೇಯರ್‌ ಬೆಲ್ಟ್‌ ಶುರುವಾಗಿ ಕೆಲವೇ ಸೆಕೆಂಡಿಗೆ ಟ್ರಿಪ್‌ ಆಗತೊಡಗಿತು. ನಾನಾಗಿದ್ದರೆ ಮೊದಲು ಮೋಟಾರ್‌ ಬಿಚ್ಚುತ್ತಿದ್ದೆ. ಅಲ್ಲಿನ ಎಲೆಕ್ಟ್ರಿಷಿಯನ್‌ ಪ್ಯಾನೆಲ್‌ ಬಾಗಿಲು ತೆಗೆದು ಪಿಎಲ್‌ಸಿಯ ಒಂದು ಇನ್‌ಪುಟ್‌ ದೀಪವನ್ನೇ ನೋಡುತ್ತ ನಿಂತ. ಪುಲ್ಲಿ ತಿರುಗುವಾಗ ಮಿಣುಕಬೇಕಾದ ದೀಪ ಒಂದೇ ಸಮನೆ ಉರಿಯುತ್ತಿತ್ತು. ಪುಲ್ಲಿಯ ಸುತ್ತು ಎಣಿಸುವ ಪ್ರಾಕ್ಸಿಮಿಟಿ ಸೆನ್ಸರ್‌ ಮುಖಕ್ಕೆ ಕಬ್ಬಿಣದ ಧೂಳು ಮೆತ್ತಿ, ಎದುರಿಗೆ ಸದಾ ಲೋಹ ಇದೆ ಎಂದೇ ಅದು ಹೇಳುತ್ತಿತ್ತು. ಸುತ್ತಿನ ಎಣಿಕೆ ಬಾರದ್ದರಿಂದ ಬೆಲ್ಟ್‌ ಓಡುತ್ತಿಲ್ಲ ಎಂದು ತಿಳಿದು ಪಿಎಲ್‌ಸಿ ಮೋಟಾರ್‌ ನಿಲ್ಲಿಸುತ್ತಿತ್ತು. ಸಪ್ಲೈ ಕಟ್‌ ಮಾಡಿ, ಬೀಗ ಹಾಕಿ, ಬಟ್ಟೆಯಿಂದ ಒರೆಸಿದ. ಬೆಲ್ಟ್‌ ಓಡಿತು.

ಅದನ್ನೇ ನಮ್ಮ ವರ್ಕ್‌ಶಾಪ್‌ನಲ್ಲಿ ಕಟ್ಟಿದೆವು. ಹಳೆಯ ಒಂದು ಎಚ್‌ಪಿ ಮೋಟಾರ್‌, ಚಿಕ್ಕ ಪಿಎಲ್‌ಸಿ, ಒಂದು ಸೆನ್ಸರ್‌. ನಾನು ಬೇಕೆಂದೇ ಕೆಡಿಸುತ್ತೇನೆ: ಟರ್ಮಿನಲ್‌ ವೈರ್‌ ಸಡಿಲ, ಹೊರೆ ಹೆಚ್ಚಾದರೆ ಮೋಟಾರ್‌ ನಿಲ್ಲಿಸುವ ಓವರ್‌ಲೋಡ್‌ ರಿಲೇಯ ಸೆಟ್ಟಿಂಗ್‌ ತಪ್ಪು, ಇಲ್ಲವೇ ಫಿಟ್ಟರ್‌ ವಿಭಾಗದ ಅರದ ಪುಡಿ ಗ್ರೀಸಿನಲ್ಲಿ ಕಲಸಿ ಸೆನ್ಸರ್‌ ಮುಖಕ್ಕೆ. ಡ್ರಾಯಿಂಗ್‌ ಮೇಲೆ ಬೆರಳಿಟ್ಟು ಎಲ್ಲಿ ತಪ್ಪಿದೆ ಎಂದು ಹೇಳುವವರೆಗೆ ಯಾರೂ ಸ್ಕ್ರೂ ಮುಟ್ಟುವಂತಿಲ್ಲ. ಮೊದಮೊದಲು ಒಂದು ತಾಸು ಹಿಡಿಯುತ್ತಿದ್ದ ಕೆಲಸ ಈಗ ಹತ್ತು ನಿಮಿಷಕ್ಕೆ ಮುಗಿಯುತ್ತದೆ.

ಮೂವತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು, ಅಂದರೆ ಕೆಲಸದ ಜಾಗದಲ್ಲೇ ಕಲಿಯುವ ತರಬೇತಿಯವರನ್ನು, ತೆಗೆದುಕೊಳ್ಳಲೇಬೇಕೆಂದು ಅಪ್ರೆಂಟಿಸ್‌ ನಿಯಮ ಹೇಳುತ್ತದೆ. ಬಾಗಿಲು ಅಲ್ಲಿದೆ. ಆ ಬಾಗಿಲಿಂದ ಒಳಹೋದ ಮುಂದಿನ ಬ್ಯಾಚ್‌ನ ಆರು ಜನರಲ್ಲಿ ಯಲಬುರ್ಗಾ ಕಡೆಯ ಇಬ್ಬರು ಹುಡುಗಿಯರೂ ಇದ್ದಾರೆ. ಅವರಿಗೆ ರಾತ್ರಿ ಪಾಳಿಗೆ ಬಸ್ಸಿಲ್ಲ, ಅದಿನ್ನೂ ಬಗೆಹರಿದಿಲ್ಲ.

ತಿಂಗಳಿಗೊಮ್ಮೆ ಇನ್‌ಚಾರ್ಜ್‌ಗೆ ಫೋನ್‌ ಮಾಡಿ, ಈ ತಿಂಗಳು ಏನು ನಿಂತಿತ್ತು ಎಂದು ಕೇಳುತ್ತೇನೆ. ಕಳೆದ ಸಲ ವಿಎಫ್‌ಡಿ, ಅಂದರೆ ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ಡ್ರೈವ್‌, ಅಂದರು. ಹಾಳಾದ ಡ್ರೈವ್‌ ಒಂದನ್ನು ಕಳಿಸುವುದಾಗಿ ಹೇಳಿದ್ದಾರೆ, ಬೆಂಚ್‌ ಮೇಲೆ ಜಾಗ ಮಾಡಿಟ್ಟಿದ್ದೇವೆ.