ಫಿಸ್ಟುಲಾ ಒಂದೇ ರಾತ್ರಿಗೆ ಕೆಡುವುದಿಲ್ಲ: ಸೂಜಿ ಹಾಕುವವರ ಕಡೆಯಿಂದ ಒಂದಿಷ್ಟು

ಡಯಾಲಿಸಿಸ್‌ಗೆಂದು ಕೈಯಲ್ಲಿ ಅಪಧಮನಿಯನ್ನು ಅಭಿಧಮನಿಗೆ ಆಪರೇಷನ್ ಮಾಡಿ ಜೋಡಿಸಿರುತ್ತಾರೆ, ಅದೇ ಫಿಸ್ಟುಲಾ. ಕಿಡ್ನಿ ಹೋದವರ ರಕ್ತವನ್ನು ಮಿಷನ್ನಿನಲ್ಲಿ ಶುದ್ಧ ಮಾಡಲು ನಾವು ಸೂಜಿ ಹಾಕುವುದು ಅಲ್ಲಿಗೇ. ಸೂಜಿ ಹಾಕುವ ಮೊದಲು ನಾನು ಕೇಳುವ ಪ್ರಶ್ನೆ ಒಂದೇ. ‘ಅಜ್ಜಾ, ಬೆಳಿಗ್ಗೆ ಎದ್ದಾಗ ಕೈ ಮುಟ್ಟಿ ನೋಡಿದ್ರಾ? ಝುಂ ಅಂತಿತ್ತಾ?’ ತೂಕ, ಬಿಪಿ ಎಲ್ಲ ಆಮೇಲೆ. ‘ನೋಡ್ಲಿಲ್ಲಪ್ಪ’ ಅಂದರೆ ಅಲ್ಲೇ ಅವರ ಬಲಗೈ ಬೆರಳುಗಳನ್ನು ಎಡಗೈ ಫಿಸ್ಟುಲಾ ಮೇಲೆ ಇಡಿಸಿ, ಗೊತ್ತಾಗುವವರೆಗೂ ಬಿಡುವುದಿಲ್ಲ. ‘ರಾತ್ರಿ ಚೆನ್ನಾಗಿತ್ತು, ಬೆಳಿಗ್ಗೆ ನೋಡಿದ್ರೆ ನಿಂತುಹೋಗಿತ್ತು’ ಎಂದು ಬರುವವರ ಹಿಂದಿನ ಮೂರು ನಾಲ್ಕು ವಾರದ ಶೀಟ್ ತೆಗೆದು ನೋಡಿದರೆ ಬಹಳಷ್ಟು ಸಲ ಸುಳಿವು ಅಲ್ಲೇ ಬಿದ್ದಿರುತ್ತದೆ. ಸುಳಿವು ಕೊಡುವುದು ಮೂರು: ಕೈ, ಮಿಷನ್ನಿನ ಪ್ರೆಷರ್, ಸೂಜಿ ತೆಗೆದ ಮೇಲೆ ರಕ್ತ ನಿಲ್ಲಲು ಹಿಡಿದ ನಿಮಿಷ.

ಅಪಧಮನಿಯ ರಕ್ತ ಜೋರಾಗಿ ಅಭಿಧಮನಿಗೆ ನುಗ್ಗುವುದರಿಂದ ಆ ಝುಂ ಹುಟ್ಟುತ್ತದೆ. ನಾವು ಅದನ್ನು ಥ್ರಿಲ್ ಅನ್ನುತ್ತೇವೆ. ಹಿಟ್ಟಿನ ಗಿರಣಿ ಓಡುವಾಗ ಅದರ ಗೋಡೆಗೆ ಅಂಗೈ ಇಟ್ಟರೆ ಹೇಗೆ ಬಿಡುವಿಲ್ಲದೆ ನಡುಗುತ್ತದೋ ಹಾಗೆ. ಆರೋಗ್ಯವಾಗಿರುವ ಫಿಸ್ಟುಲಾ ಮೆತ್ತಗೆ, ಒತ್ತಿದರೆ ಒಳಗೆ ಹೋಗುವಂತಿರುತ್ತದೆ. ನಡುಕ ಹೋಗಿ ಧಕ್ ಧಕ್ ಎಂದು ಗಟ್ಟಿಯಾಗಿ ಬಡಿಯತೊಡಗಿದರೆ ಮುಂದೆ ಎಲ್ಲೋ ದಾರಿ ಕಿರಿದಾಗಿದೆ ಎಂದರ್ಥ. ‘ಈಗ ಮೊದಲಿಗಿಂತ ಜೋರಾಗಿ ಬಡಿತಿದೆ ಸಾರ್’ ಎಂದು ಖುಷಿಯಿಂದ ಹೇಳುವವರಿದ್ದಾರೆ. ಆ ಜೋರು ಒಳ್ಳೆಯದಲ್ಲ.

ಇದನ್ನು ಖಚಿತ ಮಾಡಿಕೊಳ್ಳಲು ಯಂತ್ರ ಬೇಡ. ಮಲಗಿದವರ ಕೈಯನ್ನು ಎದೆಯ ಮಟ್ಟಕ್ಕಿಂತ ನೆಟ್ಟಗೆ ಮೇಲೆತ್ತಿಸಿ. ಉಬ್ಬಿದ ನರ (ನಾವು ನರ ಅನ್ನುವುದು ಈ ಅಭಿಧಮನಿಗೇ) ಗಾಳಿ ಬಿಟ್ಟ ಟ್ಯೂಬಿನಂತೆ ಇಳಿದುಹೋಗಬೇಕು. ಒಂದು ಭಾಗ ಇಳಿದು ಇನ್ನೊಂದು ಭಾಗ ಉಬ್ಬಿಕೊಂಡೇ ಉಳಿದರೆ, ಅವೆರಡರ ನಡುವೆಯೇ ಕಿರಿದಾಗಿದೆ. ಇನ್ನೊಂದು ಪರೀಕ್ಷೆ: ಜೋಡಣೆಯಿಂದ ಸ್ವಲ್ಪ ಮೇಲೆ ನರವನ್ನು ಬೆರಳಿನಿಂದ ಪೂರ್ತಿ ಒತ್ತಿ ಹಿಡಿದು, ಕೆಳಗೆ ಬಡಿತ ನೋಡುವುದು. ಬಡಿತ ಬಲವಾದರೆ ಒಳಬರುವ ರಕ್ತ ಸರಿಯಿದೆ. ಸೋತಂತಿದ್ದರೆ ತೊಂದರೆ ಬರುವ ದಾರಿಯಲ್ಲಿದೆ. ಮಣಿಕಟ್ಟಿನ ಫಿಸ್ಟುಲಾದಲ್ಲಿ ಕಿರಿದಾಗುವುದು ಹೆಚ್ಚಾಗಿ ಜೋಡಣೆಯ ಪಕ್ಕದಲ್ಲೇ, ಮೊಣಕೈಯದರಲ್ಲಿ ಭುಜದ ಹತ್ತಿರ ನರ ಒಳಗೆ ಬಾಗುವ ಜಾಗದಲ್ಲಿ.

ಎರಡನೆಯದು ವೀನಸ್ ಪ್ರೆಷರ್, ಅಂದರೆ ಮಿಷನ್ನಿನಿಂದ ರಕ್ತ ಕೈಗೆ ವಾಪಸ್ ಹೋಗುವಾಗಿನ ಒತ್ತಡ. ಪ್ರತಿ ಸಲವೂ ಡಯಾಲಿಸಿಸ್ ಶುರುವಾದ ಐದು ನಿಮಿಷದೊಳಗೆ ಪಂಪ್ ನಿಮಿಷಕ್ಕೆ 200 ಮಿಲಿಲೀಟರ್ ವೇಗದಲ್ಲಿ ಇದ್ದಾಗ ಅದನ್ನು ಬರೆದುಕೊಳ್ಳುತ್ತೇನೆ. ಸೂಜಿ ಅದೇ ಗೇಜ್ (ದಪ್ಪ) ಇರಬೇಕು, ವೇಗ ಅದೇ ಇರಬೇಕು, ಇಲ್ಲದಿದ್ದರೆ ಮೊನ್ನೆಯ ಅಂಕಿಗೂ ಇವತ್ತಿನದಕ್ಕೂ ಹೋಲಿಕೆಯೇ ಇಲ್ಲ. 300ರ ವೇಗದಲ್ಲಿ ಬಂದ ಪ್ರೆಷರ್ ನೋಡಿ ಗಾಬರಿಯಾಗುವುದು, 150ರಲ್ಲಿ ಓಡಿಸಿ ಸಮಾಧಾನಪಡುವುದು, ಎರಡೂ ವ್ಯರ್ಥ. ಒಂದು ದಿನ ಏರಿದರೆ ಸೂಜಿಯ ತುದಿ ಗೋಡೆಗೆ ತಾಗಿರಬಹುದು, ಸ್ವಲ್ಪ ಸರಿಸಿದರೆ ಸರಿಹೋಗುತ್ತದೆ. ಸತತ ಮೂರು ಸಲ ಏರುತ್ತಲೇ ಇದ್ದರೆ ಡಾಪ್ಲರ್‌ಗೆ (ರಕ್ತದ ಹರಿವು ನೋಡುವ ಸ್ಕ್ಯಾನ್) ಬರೆಸಲು ಡಾಕ್ಟರ ಹಿಂದೆ ಬೀಳುತ್ತೇನೆ. ಆರ್ಟೀರಿಯಲ್ ಪ್ರೆಷರ್, ಅಂದರೆ ಕೈಯಿಂದ ರಕ್ತ ಎಳೆಯುವ ಕಡೆಯ ಒತ್ತಡ, ಮೈನಸ್ 250 ದಾಟುತ್ತಿದ್ದರೆ ಪಂಪ್ ಕೇಳಿದಷ್ಟು ರಕ್ತ ಕೈ ಕೊಡುತ್ತಿಲ್ಲ. ಆಗ ವೇಗ ಇಳಿಸಿ ಅಲಾರಂ ಸುಮ್ಮನಾಗಿಸುವುದು ಸುಲಭ. ಆದರೆ ಆ ನಾಲ್ಕು ಗಂಟೆಯ ಡಯಾಲಿಸಿಸ್ ನಿಜಕ್ಕೂ ನಾಲ್ಕು ಗಂಟೆಯದಾಗಿರುವುದಿಲ್ಲ.

ಮೂರನೆಯದು ಹತ್ತಿಯ ಲೆಕ್ಕ. ಸೂಜಿ ತೆಗೆದ ಮೇಲೆ 10 ನಿಮಿಷದಲ್ಲಿ ರಕ್ತ ನಿಲ್ಲುತ್ತಿದ್ದವರಿಗೆ 20, 25 ನಿಮಿಷ ಹಿಡಿಯತೊಡಗಿದರೆ ಮೊದಲು ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಡೋಸ್ ನೋಡಬೇಕು. ಅದು ಬದಲಾಗಿಲ್ಲದಿದ್ದರೆ ಮುಂದಿನ ದಾರಿ ಕಟ್ಟಿದೆ, ಒಳಗಿನ ಒತ್ತಡ ತೂತಿನಿಂದ ಹೊರಬರುತ್ತಿದೆ. ಈ ಹಂತದಲ್ಲಿ ಬಲೂನ್ ಆಂಜಿಯೋಪ್ಲಾಸ್ಟಿ (ಒಳಗೆ ಬಲೂನ್ ಉಬ್ಬಿಸಿ ದಾರಿ ಅಗಲಿಸುವುದು) ಮಾಡಿಸಿದರೆ ಫಿಸ್ಟುಲಾ ಉಳಿಯುವ ಸಾಧ್ಯತೆ ಚೆನ್ನಾಗಿರುತ್ತದೆ. ಪೂರ್ತಿ ಹೆಪ್ಪುಗಟ್ಟಿದ ಮೇಲೆ ಅದೇ ಕೆಲಸ ದುಬಾರಿ, ಫಲ ಅರ್ಧ.

ಸೂಜಿ ಹಾಕುವುದರಲ್ಲಿ ನಮ್ಮವರ ದೊಡ್ಡ ತಪ್ಪು ಒಂದೇ ಜಾಗಕ್ಕೆ ಮತ್ತೆ ಮತ್ತೆ ಹಾಕುವುದು. ಅದರಲ್ಲಿ ಎರಡೂ ಕಡೆಯವರ ಪಾಲಿದೆ. ‘ಅಲ್ಲೇ ಹಾಕಿ, ಅಲ್ಲಿ ನೋವಾಗಲ್ಲ’ ಎಂದು ಅವರು ಹೇಳುತ್ತಾರೆ. ಅಲ್ಲಿ ಸೂಜಿ ಸಲೀಸಾಗಿ ಹೋಗುತ್ತದೆಂದು ನಾವೂ ಒಪ್ಪುತ್ತೇವೆ. ನೋವಾಗದಿರುವುದು ಚರ್ಮ ಸತ್ತಿರುವುದರಿಂದ, ಸಲೀಸಾಗಿ ಹೋಗುವುದು ಗೋಡೆ ತೆಳುವಾಗಿರುವುದರಿಂದ. ವರ್ಷ ಕಳೆಯುವಷ್ಟರಲ್ಲಿ ಅಲ್ಲಿ ನಿಂಬೆಹಣ್ಣಿನಷ್ಟು ಗಂಟು, ಅದರ ಪಕ್ಕದಲ್ಲೇ ಕಿರಿದಾದ ಜಾಗ. ಏಣಿಯ ಮೆಟ್ಟಿಲಿನಂತೆ ಪ್ರತಿ ಸಲ ಹಿಂದಿನ ತೂತಿನಿಂದ ಅರ್ಧ ಸೆಂಟಿಮೀಟರ್ ಮೇಲೆ ಹೋಗಿ, ಕೊನೆ ಮುಟ್ಟಿದ ಮೇಲೆ ಕೆಳಗಿನಿಂದ ಮತ್ತೆ ಶುರು ಮಾಡಬೇಕು. ಜೋಡಣೆಯಿಂದ ಕನಿಷ್ಠ 3 ಸೆಂಟಿಮೀಟರ್ ದೂರ ಬಿಡಬೇಕು. ಎರಡು ಸೂಜಿಗಳ ತುದಿಗಳ ನಡುವೆ 5 ಸೆಂಟಿಮೀಟರ್ ಅಂತರ ಬೇಕು, ಇಲ್ಲದಿದ್ದರೆ ಶುದ್ಧವಾದ ರಕ್ತವೇ ಮತ್ತೆ ಮಿಷನ್ನಿಗೆ ಹೋಗುತ್ತದೆ. ವೀನಸ್ ಸೂಜಿಯ ತುದಿ ಯಾವಾಗಲೂ ಹೃದಯದ ಕಡೆಗೆ. ಫಿಸ್ಟುಲಾಗೆ ಸುಮಾರು 25 ಡಿಗ್ರಿ ಕೋನ ಸಾಕು, ಗ್ರಾಫ್ಟ್ (ನರದ ಬದಲು ಹಾಕಿದ ಕೃತಕ ಕೊಳವೆ) ಆದರೆ 45. ನೋವಿಗೆ ಹೆದರುವವರು ಮರಗಟ್ಟಿಸುವ ಕ್ರೀಮನ್ನು ಹೊಸ ಜಾಗಕ್ಕೆ ಒಂದು ಗಂಟೆ ಮೊದಲೇ ಹಚ್ಚಿಕೊಂಡು ಬರಲಿ, ಯೂನಿಟ್‌ನಲ್ಲಿ ಸೋಪು ಹಾಕಿ ತೊಳೆದುಬಿಡಲಿ. ಸೂಜಿಗೆ ಮೊದಲು ಒರೆಸಿದ ಔಷಧಿ ಪೂರ್ತಿ ಒಣಗಬೇಕು. ಬೀಟಡೈನ್ ಆದರೆ ಎರಡು ಮೂರು ನಿಮಿಷ ಬೇಕೇಬೇಕು. ಹಸಿಯಿರುವಾಗಲೇ ಚುಚ್ಚಿದರೆ ಬರಿ ಕಂದು ಬಣ್ಣ ಬಳಿದ ಹಾಗೆ.

ತೆಗೆಯುವಾಗ ಇನ್ನೂ ಎಚ್ಚರ ಬೇಕು. ಹೋದ ಕೋನದಲ್ಲೇ ಸೂಜಿ ಹೊರಬರಬೇಕು, ಅದು ಪೂರ್ತಿ ಹೊರಬಂದ ಮೇಲೆಯೇ ಒತ್ತಬೇಕು. ಒಳಗಿರುವಾಗಲೇ ಹತ್ತಿ ಒತ್ತಿದರೆ ಸೂಜಿಯ ಅಲಗು ನರದ ಗೋಡೆಯನ್ನು ಸೀಳಿಕೊಂಡು ಬರುತ್ತದೆ. ಚರ್ಮದ ತೂತೂ ನರದ ತೂತೂ ಒಂದೇ ಜಾಗದಲ್ಲಿರುವುದಿಲ್ಲ, ಒಳಗಿನದು ಸೂಜಿ ಹೋದ ದಿಕ್ಕಿನಲ್ಲಿ ಸ್ವಲ್ಪ ಮುಂದಿರುತ್ತದೆ. ಹಾಗಾಗಿ ಎರಡು ಬೆರಳು, ಎರಡು ತೂತಿನ ಮೇಲೂ. 10 ನಿಮಿಷ ಹತ್ತಿ ಎತ್ತಿ ನೋಡಬಾರದು. ನಡುವೆ ಎತ್ತಿದರೆ ಆಗಷ್ಟೇ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ, ಲೆಕ್ಕ ಮತ್ತೆ ಸೊನ್ನೆಯಿಂದ. ಒತ್ತಿ ಹಿಡಿದಾಗಲೂ ಮೇಲೆ ಕೆಳಗೆ ಝುಂ ಸಿಗುತ್ತಿರಬೇಕು. ಅವಸರಕ್ಕೆ ಬೆಲ್ಟ್ ಬಿಗಿದು ಬಸ್ಸಿಗೆ ಓಡಿ, ಊರು ತಲುಪುವವರೆಗೂ ಬಿಚ್ಚದೆ ಫಿಸ್ಟುಲಾ ಕಳೆದುಕೊಳ್ಳುವುದುಂಟು.

ಸೂಜಿ ತಪ್ಪಿ ರಕ್ತ ಒಳಗೇ ಸೋರಿ ಕೈ ಊದಿಕೊಂಡರೆ ಪಂಪ್ ತಕ್ಷಣ ನಿಲ್ಲಬೇಕು. ಮೊದಲ 24 ಗಂಟೆ ಬಟ್ಟೆಯಲ್ಲಿ ಸುತ್ತಿದ ಐಸ್, 20 ನಿಮಿಷ ಇಟ್ಟು 20 ನಿಮಿಷ ಬಿಟ್ಟು. ಮರುದಿನದಿಂದ ಬೆಚ್ಚನೆಯ ಶಾಖ. ಮೊದಲ ದಿನವೇ ಬಿಸಿನೀರು ಹಾಕುವ ಮನೆಮದ್ದು ಊತವನ್ನು ಹೆಚ್ಚಿಸುತ್ತದೆ.

ಹೊಸ ಫಿಸ್ಟುಲಾಗೆ ಅವಸರ ಮಾಡುವುದೇ ಈ ಊತಕ್ಕೆ ದೊಡ್ಡ ಕಾರಣ. ನೆನಪಿಗೆ ಸುಲಭವಾದ ಆರರ ಲೆಕ್ಕವಿದೆ: 6 ವಾರದ ಹೊತ್ತಿಗೆ ನರ 6 ಮಿಲಿಮೀಟರ್ ಅಗಲ, ಚರ್ಮದಿಂದ 6 ಮಿಲಿಮೀಟರ್‌ಗಿಂತ ಹೆಚ್ಚು ಆಳದಲ್ಲಿರಬಾರದು, ನಿಮಿಷಕ್ಕೆ 600 ಮಿಲಿಲೀಟರ್ ಹರಿವು. ಗಾಯ ಆರಿದ ಮೇಲೆ ಮೆತ್ತನೆಯ ಚೆಂಡು ಹಿಸುಕುವ ಅಭ್ಯಾಸ ಮಾಡಿಸುತ್ತೇವೆ. ಶುರುವಿನ ಸೂಜಿ 17 ಗೇಜ್, ಪಂಪ್ 200. ಊತವಿಲ್ಲದೆ ನಡೆದರೆ ಅದಕ್ಕಿಂತ ದಪ್ಪನೆಯ 16ಕ್ಕೆ ಹೋಗುವುದು. ಆರು ವಾರಕ್ಕೂ ಬೆಳೆಯದಿದ್ದರೆ ‘ಇನ್ನೂ ನೋಡೋಣ’ ಎನ್ನದೆ ಡಾಪ್ಲರ್ ಮಾಡಿಸಿ. ಕಾಯುವ ಪ್ರತಿ ವಾರವೂ ಕುತ್ತಿಗೆಯಲ್ಲಿ ಡಯಾಲಿಸಿಸ್ ಪೈಪು ಉಳಿಯುವ ವಾರ.

ಉಪ್ಪಿಗೂ ಫಿಸ್ಟುಲಾಗೂ ಏನು ಸಂಬಂಧ ಎಂದು ಕೇಳುತ್ತಾರೆ. ಉಪ್ಪು ತಿಂದರೆ ಬಾಯಾರಿಕೆ, ಕುಡಿದ ನೀರು ಮೈಯಲ್ಲೇ ನಿಂತು ತೂಕ ಏರುತ್ತದೆ, ಅದನ್ನು ಮಿಷನ್ನೇ ತೆಗೆಯಬೇಕು. ಲೆಕ್ಕ ಹಾಕಿ. ಗಂಟೆಗೆ ಒಂದು ಕಿಲೋ ತೂಕಕ್ಕೆ 13 ಮಿಲಿಲೀಟರ್‌ಗಿಂತ ಹೆಚ್ಚು ನೀರು ತೆಗೆದರೆ ಹೃದಯಕ್ಕೆ ಹೊರೆ. 55 ಕಿಲೋ ಇರುವವರಿಗೆ ಗಂಟೆಗೆ 715, ನಾಲ್ಕು ಗಂಟೆಗೆ 2.86 ಲೀಟರ್. ಹಬ್ಬದ ಮರುದಿನ ನಾಲ್ಕೂವರೆ ಕಿಲೋ ಏರಿಸಿಕೊಂಡು ಬಂದವರಿಂದ ಅಷ್ಟನ್ನೂ ಒಂದೇ ಸಲ ಎಳೆದರೆ ಬಿಪಿ 80ಕ್ಕೆ ಕುಸಿಯುತ್ತದೆ, ಕಾಲು ಸೆಳೆತ ಬರುತ್ತದೆ, ಆ ಕಡಿಮೆ ಒತ್ತಡದಲ್ಲಿ ಮೊದಲೇ ಕಿರಿದಾಗಿದ್ದ ಫಿಸ್ಟುಲಾ ರಾತ್ರಿ ಹೆಪ್ಪುಗಟ್ಟುತ್ತದೆ. ನೀರು ಕುಡಿಯಬೇಡಿ ಎಂದು ಬೈಯುವುದರಿಂದ ಪ್ರಯೋಜನವಿಲ್ಲ. ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರ ನಿಂತರೆ ಬಾಯಾರಿಕೆ ತಾನೇ ಇಳಿಯುತ್ತದೆ. ಡಯಾಲಿಸಿಸ್ ದಿನ ಬೆಳಗಿನ ಬಿಪಿ ಮಾತ್ರೆ ಯಾವಾಗ ತೆಗೆದುಕೊಳ್ಳಬೇಕೆಂದು ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ.

ಇನ್ನು ಪೈಪು. ಫಿಸ್ಟುಲಾ ಇಲ್ಲದವರಿಗೆ ಪರ್ಮ್‌ಕ್ಯಾತ್ ಎಂಬ ಈ ಪೈಪು ಜೀವ ಉಳಿಸುತ್ತದೆ ನಿಜ, ಆದರೆ ಅದರ ತುದಿ ಹೃದಯದ ಬಾಗಿಲಲ್ಲೇ ಇರುತ್ತದೆ. ಬಲಗಡೆಯ ಕುತ್ತಿಗೆಯ ನರ ಮೊದಲ ಆಯ್ಕೆ. ಕಾಲರ್ ಎಲುಬಿನ ಕೆಳಗಿನ ನರಕ್ಕೆ ಹಾಕಿದರೆ ಒಳಗೆ ದೊಡ್ಡ ನರ ಕಿರಿದಾಗಿ, ಮುಂದೆ ಆ ಕಡೆ ಫಿಸ್ಟುಲಾ ಮಾಡಿದಾಗ ಇಡೀ ಕೈ ಊದಿಕೊಳ್ಳುತ್ತದೆ. ಮುಚ್ಚಳ ಬಿಚ್ಚುವ ಮೊದಲು ಕ್ಲ್ಯಾಂಪ್ ಬಿದ್ದಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಒಂದು ಉಸಿರು ಎಳೆಯುವಷ್ಟರಲ್ಲಿ ಗಾಳಿ ಒಳಗೆ. ಹಳೆಯ ಹೆಪಾರಿನ್ ಅನ್ನು ಪ್ರತಿ ಕವಲಿನಿಂದ 5 ಮಿಲಿಲೀಟರ್ ಎಳೆದು ಬಿಸಾಡಬೇಕು. ಮುಗಿದ ಮೇಲೆ 10 ಮಿಲಿಲೀಟರ್ ಸಲೈನನ್ನು ತಡೆತಡೆದು ತಳ್ಳಿ, ಆಮೇಲೆ ಹೆಪಾರಿನ್ ಲಾಕ್, ಅಂದರೆ ಮುಂದಿನ ಸಲದವರೆಗೆ ಪೈಪಿನೊಳಗೆ ಹೆಪಾರಿನ್ ತುಂಬಿಡುವುದು. ಎಷ್ಟು ತುಂಬಬೇಕೆಂದು ಪೈಪಿನ ಕವಲಿನ ಮೇಲೆಯೇ ಅಚ್ಚಾಗಿರುತ್ತದೆ, ಎರಡು ಕವಲಿನ ಅಂಕಿ ಬೇರೆ ಬೇರೆ ಇರಬಹುದು. ಅಂದಾಜಿಗೆ ಎರಡೆರಡು ಮಿಲಿಲೀಟರ್ ತುಂಬಿದರೆ ಹೆಚ್ಚಾದದ್ದು ದೇಹಕ್ಕೆ ಸೇರಿ ಒಸಡಿನಿಂದ ರಕ್ತ ಬಂದೀತು, ಕಡಿಮೆಯಾದರೆ ತುದಿಯಲ್ಲಿ ಹೆಪ್ಪು. ಹರಿವು ಬಾರದಿದ್ದರೆ ಮೊದಲು ಪೈಪು ಮಡಿಚಿದೆಯೇ ನೋಡಿ, ಪಕ್ಕಕ್ಕೆ ತಿರುಗಿಸಿ, ಕೆಮ್ಮಿಸಿ. ಕೆಂಪು ನೀಲಿ ಕವಲು ಅದಲುಬದಲು ಮಾಡಿ ಓಡಿಸುವುದು ಆ ದಿನದ ಮಟ್ಟಿಗೆ ಸರಿ. ವಾರಗಟ್ಟಲೆ ಹಾಗೇ ನಡೆಸಿದರೆ ಯೂರಿಯಾ ಇಳಿಯುವುದಿಲ್ಲ, ವಾಂತಿ, ತುರಿಕೆ ಮತ್ತೆ ಶುರು.

ಪೈಪಿದ್ದವರಿಗೆ ಮಿಷನ್ ಹಚ್ಚಿದ ಅರ್ಧ ಒಂದು ಗಂಟೆಯಲ್ಲಿ ಮೈ ನಡುಗುವ ಚಳಿ ಬಂದರೆ, ಬೇರೆ ಕಾರಣ ಸಾಬೀತಾಗುವವರೆಗೆ ಅದು ಪೈಪಿನ ಸೋಂಕು. ಪಂಪ್ ಓಡುತ್ತಿದ್ದಂತೆ ಒಳಗಿನ ಕ್ರಿಮಿ ರಕ್ತಕ್ಕೆ ಸೇರುತ್ತದೆ. ಡೋಲೋ ನುಂಗಿ ಹೊದ್ದು ಮಲಗಿ, ಜ್ವರ ಇಳಿಯಿತೆಂದು ಮನೆಗೆ ಹೋಗಿಬಿಡುತ್ತಾರೆ. ಎರಡು ದಿನ ಚೆನ್ನಾಗಿರುತ್ತಾರೆ, ಮುಂದಿನ ಡಯಾಲಿಸಿಸ್‌ನಲ್ಲಿ ಮತ್ತೆ ಅದೇ. ಅಷ್ಟರಲ್ಲಿ ಸೋಂಕು ಹೃದಯದ ಕವಾಟಕ್ಕೋ ಬೆನ್ನುಮೂಳೆಗೋ ಹೋಗಿ ಕೂತಿರಬಹುದು. ಆ್ಯಂಟಿಬಯಾಟಿಕ್ ಕೊಡುವ ಮೊದಲು ಎರಡು ಬ್ಲಡ್ ಕಲ್ಚರ್ (ರಕ್ತದಲ್ಲಿ ಕ್ರಿಮಿ ಹುಡುಕುವ ಪರೀಕ್ಷೆ) ಹೋಗಬೇಕು. ಬಾಟಲಿ ಇಲ್ಲವೆಂದು ಸುಮ್ಮನೆ ಇಂಜೆಕ್ಷನ್ ಕೊಟ್ಟುಬಿಟ್ಟರೆ ಯಾವ ಕ್ರಿಮಿ ಎಂಬುದು ಪತ್ತೆಯಾಗದೇ ಹೋಗಬಹುದು. ಮನೆಯಲ್ಲಿ ತಲೆಗೆ ನೀರು ಹಾಕಿಕೊಂಡು ಡ್ರೆಸ್ಸಿಂಗ್ ನೆನೆಸಬೇಡಿ. ಸೊಂಟದವರೆಗೆ ಸ್ನಾನ, ಮೇಲೆ ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳುವುದು.

ಫಿಸ್ಟುಲಾ ಇರುವ ಕೈಯ ಬೆರಳು ತಣ್ಣಗಾಗಿ, ಮಿಷನ್ ಮೇಲಿದ್ದಾಗ ನೋಯುತ್ತಿದ್ದರೆ ರಕ್ತವನ್ನು ಫಿಸ್ಟುಲಾ ಕದಿಯುತ್ತಿದೆ. ಮೊಣಕೈಯದರಲ್ಲಿ, ಶುಗರ್ ಇರುವವರಲ್ಲಿ ಹೆಚ್ಚು. ಸ್ವಲ್ಪವಾದರೆ ಕೈಗವಸು ಸಾಕು. ಬೆರಳ ತುದಿ ಕಪ್ಪಾದರೆ, ಹುಣ್ಣಾದರೆ ಸರ್ಜನ್ ಹತ್ತಿರವೇ ಹೋಗಬೇಕು.

ಝುಂ ನಿಂತೇಹೋಯಿತು ಎನ್ನಿ. ತಿಕ್ಕಬೇಡಿ, ಎಣ್ಣೆ ಹಚ್ಚಬೇಡಿ. ಹೆಪ್ಪು ತೆಗೆಸುವುದಾದರೆ 48 ಗಂಟೆಯೊಳಗೆ ಆಗಬೇಕು, ಮೊದಲ 24 ಇನ್ನೂ ಒಳ್ಳೆಯದು. ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಸಿಗುತ್ತದೆ, ಹೆಪ್ಪು ತೆಗೆಯುವವರು ಸಿಗುವುದು ದೊಡ್ಡ ಊರಿನಲ್ಲಿ. ಇದು ಶನಿವಾರ ಸಂಜೆಯೇ ಆಗುತ್ತದೆ ಎಂದುಕೊಂಡು, ಯಾರಿಗೆ ಫೋನ್ ಮಾಡಬೇಕು, ಯಾವ ಬಸ್ಸು ಎಂಬುದನ್ನು ಮೊದಲೇ ಫೈಲಿನ ಹಿಂದೆ ಬರೆದಿಟ್ಟುಕೊಳ್ಳಿ. ಅಲ್ಲಿ ತಲುಪುವ ತನಕ, ಡಯಾಲಿಸಿಸ್ ಇಲ್ಲದೆ ರಕ್ತದಲ್ಲಿ ಏರಿ ಕೊಲ್ಲುವುದು ಪೊಟ್ಯಾಸಿಯಂ. ಎಳನೀರು, ಬಾಳೆಹಣ್ಣು, ಹಣ್ಣಿನ ರಸ ಬೇಡವೇ ಬೇಡ. ‘ಲೋ ಸೋಡಿಯಂ’ ಉಪ್ಪಿನಲ್ಲಿರುವುದು ಪೊಟ್ಯಾಸಿಯಂ ಕ್ಲೋರೈಡ್, ಅದನ್ನು ಅಡುಗೆಮನೆಯಿಂದಲೇ ಹೊರಗೆ ಹಾಕಿ. ನಕ್ಷತ್ರದಾಕಾರದ ಕಮರಾಕ್ಷಿ ಹಣ್ಣು, ಕರಾವಳಿಯ ದಾರೆಹುಳಿ, ಕಿಡ್ನಿ ಹೋದವರಿಗೆ ಯಾವ ದಿನವೂ ವಿಷ. ಕಾಲಲ್ಲಿ ಶಕ್ತಿ ಹೋದಂತಾದರೆ, ಎದೆಬಡಿತ ತಪ್ಪಿದಂತಾದರೆ ಬಸ್ಸು ಬೇಡ, ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ.

ಕೊನೆಯದು ಗಂಟಿನ ಮೇಲಿನ ಚರ್ಮ. ಹೊಳೆಯುತ್ತಿದ್ದರೆ, ಚಿಮುಟಿ ಎತ್ತಲು ಬಾರದಷ್ಟು ತೆಳುವಾಗಿದ್ದರೆ, ಒಣಗದ ಕಪ್ಪು ಹಕ್ಕಳೆ ಕೂತಿದ್ದರೆ ಅವತ್ತೇ ತೋರಿಸಿ. ಅಲ್ಲಿಂದ ಸಣ್ಣಗೆ ಜಿನುಗಿ ನಿಂತ ರಕ್ತ ಮತ್ತೆ ಚಿಮ್ಮಿದಾಗ ನಿಲ್ಲುವುದಿಲ್ಲ. ಚಿಮ್ಮಿದರೆ ಟವೆಲ್ ಸುತ್ತಬೇಡಿ, ಟವೆಲ್ ರಕ್ತ ಹೀರುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಹಗ್ಗ ಬಿಗಿಯಬೇಡಿ. ಮಡಿಚಿದ ಸಣ್ಣ ಬಟ್ಟೆ ಇಟ್ಟು, ಎರಡು ಬೆರಳಿನಿಂದ ಆ ತೂತಿನ ಮೇಲೆಯೇ ಬಲವಾಗಿ ಒತ್ತಿ. ಮಲಗಿ, ಕೈಯನ್ನು ಎದೆಗಿಂತ ಮೇಲೆತ್ತಿ. ಮನೆಯವರು 108ಕ್ಕೆ ಫೋನ್ ಮಾಡಲಿ, ‘ಡಯಾಲಿಸಿಸ್ ಕೈಯಿಂದ ರಕ್ತ ಚಿಮ್ಮುತ್ತಿದೆ’ ಎಂದೇ ಹೇಳಲಿ. ಒಬ್ಬರೇ ಇದ್ದರೆ ಮೊದಲು ಬಾಗಿಲ ಚಿಲಕ ತೆಗೆದು, ಆಮೇಲೆ ಮಲಗಿ.