ಕಸಿ ಕತ್ತರಿಗೊಂದು ಚರ್ಮದ ಒರೆ: ಕೈಯಲ್ಲೇ ಹೊಲಿಯುವುದು ಹೇಗೆ?

ಕಾಫಿ ತೋಟದಲ್ಲಿ ಕಸಿ (ರೆಂಬೆ ಸವರುವ ಕೆಲಸ) ಶುರುವಾಯಿತು ಅಂದರೆ ಪ್ಯಾಂಟಿನ ಹಿಂದಿನ ಜೇಬಿಗೆ ಉಳಿಗಾಲ ಇಲ್ಲ. ವಿಜಯಪುರದ ಕಡೆ ದ್ರಾಕ್ಷಿ ಬೆಳೆಯುವವರಿಗೆ ಬಳ್ಳಿ ಸವರುವ ಏಪ್ರಿಲ್ ಚಾಟನಿ, ಅಕ್ಟೋಬರ್ ಚಾಟನಿ ಎರಡರಲ್ಲೂ ಇದೇ ಗೋಳು. ಕತ್ತರಿಯನ್ನು ಜೇಬಿಗೆ ತುರುಕಿದರೆ ಬಟ್ಟೆ ಹರಿಯುತ್ತದೆ. ಗಿಡದ ಬುಡದಲ್ಲಿಟ್ಟರೆ ಅಲ್ಲೇ ಮರೆತುಹೋಗುತ್ತದೆ. ನೈಲಾನ್ ಒರೆ ಅಂಗಡಿಯಲ್ಲಿ ಸಿಗುತ್ತದೆ ನಿಜ, ಆದರೆ ಮೊನೆ ತಾಗಿ ತಾಗಿ ಅದರ ತಳ ಬೇಗ ತೂತಾಗುತ್ತದೆ. ಸೊಂಟದ ಬೆಲ್ಟಿಗೆ ಸಿಕ್ಕಿಸುವ ಒಂದು ಗಟ್ಟಿ ಚರ್ಮದ ಒರೆ ಇದ್ದರೆ ಈ ತಾಪತ್ರಯ ಇಲ್ಲ. ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಯಂತ್ರ ಬೇಡ, ಎರಡು ರಜಾದಿನ ಸಾಕು. ಹೊಲಿಯಲು ಒಂದು ದಿನ, ಒಣಗಲು ಒಂದು ದಿನ.

ನಾವಿಲ್ಲಿ ಹಾಕುವುದು ಕುದುರೆಯ ಜೀನು, ಲಗಾಮು ಮಾಡುವವರ ಹೊಲಿಗೆ. ಒಂದೇ ದಾರ, ಎರಡು ತುದಿಗೆ ಎರಡು ಸೂಜಿ. ಇಂಗ್ಲೆಂಡಿನ ವಾಲ್ಸಾಲ್ ಪಟ್ಟಣಕ್ಕೆ ಹೆಸರು ತಂದದ್ದೇ ಜೀನಿನ ಕೆಲಸ. ನಮ್ಮಲ್ಲಿ ಅಂಥ ಊರು ಕಾನ್ಪುರ. ಬ್ರಿಟಿಷ್ ಸೈನ್ಯಕ್ಕೆ ಬೇಕಾದ ಕುದುರೆ ಸಾಮಾನು ಮಾಡಲು 1860ರ ದಶಕದಲ್ಲಿ ಅಲ್ಲಿ ಸರ್ಕಾರಿ ಕಾರ್ಖಾನೆ ಶುರುವಾಯಿತು. ಈಗ ಕಾನ್ಪುರದ ಜೀನು ಸಾಮಾನಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಇದೆ.

ಈ ಹೊಲಿಗೆಯೇ ಯಾಕೆ? ಹೊಲಿಗೆ ಯಂತ್ರದಲ್ಲಿ ಮೇಲೊಂದು ದಾರ, ಕೆಳಗೊಂದು ದಾರ. ಎರಡೂ ಚರ್ಮದ ನಡುವೆ ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುತ್ತವೆ, ಅಷ್ಟೇ. ಮೇಲಿನ ದಾರ ಒಂದು ಕಡೆ ಸವೆದು ಕಡಿದರೆ ಅಕ್ಕಪಕ್ಕದ ಹೊಲಿಗೆಯೂ ಸಡಿಲವಾಗುತ್ತಾ ಹೋಗುತ್ತದೆ. ಜೀನಿನ ಹೊಲಿಗೆಯಲ್ಲಿ ದಾರದ ಎರಡೂ ತುದಿ ಪ್ರತಿ ತೂತಿನಲ್ಲೂ ಈ ಕಡೆಯಿಂದ ಆ ಕಡೆಗೆ ಪೂರ್ತಿ ದಾಟುತ್ತವೆ. ಒಂದು ಕಡೆ ಕಡಿದರೂ ಇನ್ನೊಂದು ಹಿಡಿದುಕೊಂಡಿರುತ್ತದೆ. ಓಡುವ ಕುದುರೆಯ ಮೇಲೆ ಕೂತವನ ಜೀವ ಆ ದಾರದಲ್ಲಿ ಇರುತ್ತದೆ, ಅಲ್ವಾ? ನಮ್ಮ ಒರೆಗೆ ಅಷ್ಟು ಭಾರ ಇಲ್ಲ. ಆದರೆ ಹರಿತವಾದ ಅಲಗು ದಿನಕ್ಕೆ ನೂರಾರು ಸಲ ಒಳಗೆ ಹೊರಗೆ ಹೋಗಿ ಬರುತ್ತದೆ. ಹೊಲಿಗೆ ಸೋತರೆ ಒರೆ ಸತ್ತಂತೆ.

ಚರ್ಮ ಯಾವುದು?

ಅಂಗಡಿಯಲ್ಲಿ ಸಿಗುವ ಬಹುಪಾಲು ಚರ್ಮ ಕ್ರೋಮ್ ಹದದ್ದು, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು. ಮೆತ್ತಗಿರುತ್ತದೆ, ಬ್ಯಾಗಿಗೆ ಚೆಂದ. ಒರೆಗೆ ಅದು ಬೇಡ, ಆಕಾರ ನಿಲ್ಲುವುದಿಲ್ಲ. ನಮಗೆ ಬೇಕಾದ್ದು ತೊಗಟೆ ಹದದ ಚರ್ಮ. ಮರದ ತೊಗಟೆ, ಅಳಲೆಕಾಯಿ ಇಂಥವುಗಳ ಒಗರಿನಲ್ಲಿ ಹದ ಮಾಡಿದ್ದು. ದಕ್ಷಿಣ ಭಾರತದಲ್ಲಿ ಹಿಂದೆ ಇದಕ್ಕೆ ಆವರಿಕೆ ಗಿಡದ ತೊಗಟೆಯನ್ನೇ ಜಾಸ್ತಿ ಬಳಸುತ್ತಿದ್ದರು. 2019ರಲ್ಲಿ ಜಿಐ ಪಡೆದ ಕೊಲ್ಹಾಪುರಿ ಚಪ್ಪಲಿಗೂ ಇಂಥ ಚರ್ಮವೇ ಬೇಕು. ಆ ಮಾನ್ಯತೆಯಲ್ಲಿ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿವೆ.

ಗುರುತಿಸುವುದು ಸುಲಭ. ಕತ್ತರಿಸಿದ ಅಂಚನ್ನು ನೋಡಿ. ಒಳಗೆ ಬೂದು ಅಥವಾ ತಿಳಿನೀಲಿ ಛಾಯೆ ಇದ್ದರೆ ಕ್ರೋಮ್. ಮೇಲಿಂದ ಕೆಳಗಿನವರೆಗೂ ಒಂದೇ ಕಂದು ಇದ್ದರೆ ತೊಗಟೆಯದು ಇರಬಹುದು. ಬಣ್ಣ ಹಾಕದ ಚರ್ಮವಾದರೆ ಒಂದು ಹನಿ ನೀರು ಬಿಡಿ. ತೊಗಟೆ ಹದದ್ದು ನೀರು ಕುಡಿದು ತಕ್ಷಣ ಕಪ್ಪಗಾಗುತ್ತದೆ.

ದಪ್ಪ ಹಿಂಬದಿಗೆ 3 ಮಿ.ಮೀ., ಮುಂಬದಿಗೆ 2.5 ಮಿ.ಮೀ. ಎಮ್ಮೆ ಚರ್ಮ ಒರಟಾಗಿ ಕಂಡರೂ ಈ ಕೆಲಸಕ್ಕೆ ಒಳ್ಳೆಯದು. ಬೆನ್ನಿನ ಭಾಗದ ತುಂಡು ಕೇಳಿ. ಹೊಟ್ಟೆಯ ಭಾಗ ಅಗ್ಗಕ್ಕೆ ಸಿಗುತ್ತದೆ, ಆದರೆ ಹಿಗ್ಗಿಬಿಡುತ್ತದೆ. ಇಡೀ ಚರ್ಮ ಕೊಳ್ಳಬೇಕಿಲ್ಲ. ಚಪ್ಪಲಿ, ಬೆಲ್ಟು ಮಾಡುವವರ ಹತ್ತಿರ ಉಳಿದ ತುಂಡುಗಳಿರುತ್ತವೆ.

ಸಲಕರಣೆಗಳ ವಿಷಯದಲ್ಲಿ ಆನ್‌ಲೈನ್ ಅಂಗಡಿಗಳ ಮಾತು ಕೇಳಬೇಡಿ. ನಲವತ್ತು ತುಂಡಿನ ಸೆಟ್ಟಿನಲ್ಲಿ ಕೆಲಸಕ್ಕೆ ಬರುವುದು ಐದಾರು ಮಾತ್ರ. ಹರಿತವಾದ ಚಾಕು ಅಥವಾ ರಂಪಿಗೆ (ಚಮ್ಮಾರರ ಚಾಕು), ಉಕ್ಕಿನ ಸ್ಕೇಲು, ಜಾಮಿಟ್ರಿ ಬಾಕ್ಸಿನ ಡಿವೈಡರ್, ಚರ್ಮ ಚುಚ್ಚುವ ಒಂದು ಆರಿ, ಮೊಂಡು ತುದಿಯ ಎರಡು ದಪ್ಪ ಸೂಜಿ, 0.8 ಮಿ.ಮೀ. ದಪ್ಪದ ಮೇಣದ ದಾರ, ಚಪ್ಪಲಿ ಅಂಟು, ಮರಳು ಕಾಗದ, ಒಂದಿಷ್ಟು ಜೇನುಮೇಣ. ಇವುಗಳಲ್ಲಿ ಆರಿ ಮಾತ್ರ ನೋಡಿ ಕೊಳ್ಳಿ. ಅದರ ಮೊನೆ ದುಂಡಗಿರಬಾರದು, ಡೈಮಂಡ್ ಆಕಾರದಲ್ಲಿ ಚಪ್ಪಟೆಯಾಗಿರಬೇಕು. ದುಂಡು ತೂತುಗಳನ್ನು ಸಾಲಾಗಿ ಹೊಡೆದರೆ ಚರ್ಮ ಅಂಚೆಚೀಟಿಯ ಹಾಳೆ ಹರಿದಂತೆ ಅದೇ ಗೆರೆಯಲ್ಲಿ ಹರಿಯುತ್ತದೆ. ಚಪ್ಪಟೆ ಮೊನೆಯನ್ನು ಹೊಲಿಗೆಯ ಗೆರೆಗೆ ಓರೆಯಾಗಿ ತಿರುಗಿಸಿ ಚುಚ್ಚಿದರೆ ತೂತು ತೂತಿನ ನಡುವೆ ಚರ್ಮ ಉಳಿಯುತ್ತದೆ.

ರಸ್ತೆ ಬದಿಯ ಚಮ್ಮಾರರ ಆರಿಗೆ ತುದಿಯಲ್ಲಿ ಕೊಕ್ಕೆ ಇರುತ್ತದೆ. ಅದು ಬೇರೆ ಹೊಲಿಗೆ, ಬಹಳ ಬೇಗ ಆಗುತ್ತದೆ, ಆದರೆ ದಾರ ಕೂಡಿಕೊಳ್ಳುವ ರೀತಿ ಯಂತ್ರದ ಹಾಗೆಯೇ. ಹಾಗಂತ ಅವರ ಹತ್ತಿರ ಕಲಿಯಲು ಏನೂ ಇಲ್ಲ ಅಂದುಕೊಳ್ಳಬೇಡಿ. ರಂಪಿಗೆ ಹೇಗೆ ಮಸೆಯುವುದು, ಹೇಗೆ ಹಿಡಿಯುವುದು ಅನ್ನುವುದನ್ನು ಯಾವ ವಿಡಿಯೊಗಿಂತ ಚೆನ್ನಾಗಿ ಅವರು ತೋರಿಸುತ್ತಾರೆ. ಸುಮ್ನೆ ನಿಂತು ಕೇಳಬೇಡಿ, ಅವರ ಸಮಯಕ್ಕೆ ದುಡ್ಡು ಕೊಟ್ಟು ಕೇಳಿ.

ಮೊದಲು ರಟ್ಟಿನಲ್ಲಿ

ನೇರ ಚರ್ಮಕ್ಕೆ ಚಾಕು ಹಾಕಬೇಡಿ. ಹಳೆ ಕ್ಯಾಲೆಂಡರಿನ ದಪ್ಪ ಹಾಳೆ ತೆಗೆದುಕೊಳ್ಳಿ. ಕತ್ತರಿಯ ಬಾಯಿ ಮುಚ್ಚಿ, ಲಾಕ್ ಹಾಕಿ, ಹಾಳೆಯ ಮೇಲಿಡಿ. ಸಾಮಾನ್ಯ ಕಸಿ ಕತ್ತರಿ 20 ಸೆಂ.ಮೀ. ಉದ್ದ ಇರುತ್ತದೆ. ಅದರಲ್ಲಿ ಮೊನೆಯಿಂದ 13 ಸೆಂ.ಮೀ. ಒರೆಯೊಳಗೆ ಕೂರಬೇಕು, ಉಳಿದ ಹಿಡಿ ಹೊರಗೆ. ಸುತ್ತ ಗೆರೆ ಎಳೆದು, ಅದರಾಚೆಗೆ 15 ಮಿ.ಮೀ. ಬಿಟ್ಟು ಇನ್ನೊಂದು ಗೆರೆ ಎಳೆಯಿರಿ. ಕೆಳಗೆ ಕಿರಿದು, ಬಾಯಿಯ ಕಡೆ ಅಗಲ. ಇದು ಹಿಂಬದಿ. ಬಾಯಿಯ ಮೇಲೆ 4 ಸೆಂ.ಮೀ. ಅಗಲ, 14 ಸೆಂ.ಮೀ. ಉದ್ದದ ನಾಲಗೆಯೊಂದನ್ನು ಇದಕ್ಕೆ ಸೇರಿಸಿ ಬರೆಯಿರಿ. ಬೆಲ್ಟ್ ತೂರುವುದು ಅದರಲ್ಲೇ.

ಮುಂಬದಿ ಇದೇ ಅಳತೆಯಲ್ಲಿ ಇದ್ದರೆ ಕತ್ತರಿ ಒಳಗೆ ಹೋಗುವುದೇ ಇಲ್ಲ. ಅಲಗಿನ ತಿರುಗಣೆ ಮೊಳೆಯ ಹತ್ತಿರ ಕತ್ತರಿ ಉಬ್ಬಿರುತ್ತದೆ, ಆ ಉಬ್ಬಿಗೆ ಜಾಗ ಬೇಕು. ಲೆಕ್ಕ ಹಾಕುತ್ತಾ ಕೂರುವ ಬದಲು ಕತ್ತರಿಯ ಮೇಲೆ ತೆಳು ಕಾಗದ ಹೊದಿಸಿ. ಹೆಬ್ಬೆರಳಿನಿಂದ ಸುತ್ತಲೂ ಒತ್ತಿ. ಹಿಂಬದಿಯ ರಟ್ಟಿನ ಅಂಚು ಎಲ್ಲಿ ಬರುತ್ತದೋ ಅಲ್ಲಿ ಗುರುತು ಮಾಡಿ ಬಿಡಿಸಿ. ಮುಂಬದಿಯ ಅಳತೆ ಸಿಕ್ಕಿತು.

ಮೂರನೆಯ ತುಂಡೊಂದಿದೆ, ಹೊಸಬರು ಬಿಡುವುದೇ ಇದನ್ನು. ಹಿಂಬದಿ ಮುಂಬದಿಗಳ ನಡುವೆ ಅಂಚಿನುದ್ದಕ್ಕೂ ಕೂರುವ, 10 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ನಡುಪಟ್ಟಿ. ಇದಿಲ್ಲದಿದ್ದರೆ ಕತ್ತರಿಯ ಅಲಗು ನೇರವಾಗಿ ದಾರಕ್ಕೆ ತಾಗುತ್ತದೆ, ನೀವು ಹಾಕಿದ ಹೊಲಿಗೆಯನ್ನು ಒಳಗಿಂದಲೇ ಕುಯ್ಯುತ್ತದೆ. ನಡುಪಟ್ಟಿ ಇದ್ದರೆ ಅಲಗು ಅದಕ್ಕೆ ತಾಗಿ ನಿಲ್ಲುತ್ತದೆ, ದಾರ ಆಚೆ ಉಳಿಯುತ್ತದೆ. ತಳದಲ್ಲಿ ಮಾತ್ರ 15 ಮಿ.ಮೀ. ಬಿಟ್ಟುಬಿಡಿ. ನೀರು, ಮಣ್ಣು, ಎಲೆಚೂರು ಬಿದ್ದುಹೋಗಲು ಆ ಕಿಂಡಿ ಬೇಕು. ಕಿಂಡಿಯಿಂದ ಮೊನೆ ಹೊರಗೆ ಇಣುಕದಂತೆ ತಳವನ್ನು ಒಂದಿಷ್ಟು ಉದ್ದವೇ ಬಿಡಿ.

ರಟ್ಟಿನಲ್ಲಿ ಸರಿಬಂದ ಮೇಲೆ ಚರ್ಮ ಕತ್ತರಿಸಿ. ಒಂದೇ ಎಳೆತಕ್ಕೆ ಪೂರ್ತಿ ಕುಯ್ಯಲು ಹೋಗಬೇಡಿ, ಎರಡು ಮೂರು ಸಲ ಅದೇ ಗೆರೆಯಲ್ಲಿ ಎಳೆಯಿರಿ.

ಬೆಲ್ಟಿನ ಕುಣಿಕೆ ಮೊದಲು

ಇಲ್ಲಿ ಕ್ರಮ ತಪ್ಪಿದರೆ ಎಲ್ಲ ಬಿಚ್ಚಬೇಕಾಗುತ್ತದೆ. ಮುಂಬದಿ ಕೂಡಿಸಿದ ಮೇಲೆ ಒರೆಯೊಳಗೆ ಕೈ ಹೋಗುವುದಿಲ್ಲ. ಹಾಗಾಗಿ ಕುಣಿಕೆಯ ಹೊಲಿಗೆ ಮೊದಲು ಮುಗಿಯಬೇಕು. ನಾಲಗೆಯನ್ನು ಒದ್ದೆ ಮಾಡಿ, ಬಾಯಿಯಿಂದ 5 ಸೆಂ.ಮೀ. ಮೇಲೆ ಒಂದು ಪೆನ್ಸಿಲ್ ಇಟ್ಟು ಹಿಂದಕ್ಕೆ ಮಡಚಿ. ಒಣ ಚರ್ಮ ಮಡಚಿದರೆ ಮೇಲ್ಮೈ ಬಿರುಕು ಬಿಡುತ್ತದೆ. ಕೊನೆಯ 4 ಸೆಂ.ಮೀ. ಹಿಂಬದಿಯ ಬೆನ್ನಿಗೆ ಬಂದು ಕೂರುತ್ತದೆ. ಅಷ್ಟನ್ನು ಒಣಗಿದ ಮೇಲೆ ಅಂಟಿಸಿ, ನಾಲ್ಕು ಬದಿಗೂ ಹೊಲಿಯಿರಿ. ರಿವೆಟ್ ಹೊಡೆದರೆ ಬೇಗ ಮುಗಿಯುತ್ತದೆ, ಆದರೆ ಅದರ ತಲೆ ಒಳಗಿಂದ ಅಲಗಿಗೆ ಉಜ್ಜುತ್ತದೆ.

ಆಮೇಲೆ ನಡುಪಟ್ಟಿ, ಮುಂಬದಿ. ಅಂಟು ಹಚ್ಚುವ ಜಾಗವನ್ನು ಮರಳು ಕಾಗದದಿಂದ ಉಜ್ಜಿ ಒರಟು ಮಾಡಿ. ಎರಡೂ ಮುಖಕ್ಕೆ ತೆಳ್ಳಗೆ ಅಂಟು ಹಚ್ಚಿ. ಹತ್ತು ಹದಿನೈದು ನಿಮಿಷ ಬಿಡಿ, ಮುಟ್ಟಿದರೆ ಬೆರಳಿಗೆ ಮೆತ್ತಬಾರದು. ಆಗ ಒತ್ತಿ. ಅಂಚುಗಳನ್ನು ಮರಳು ಕಾಗದದಿಂದ ಸಮ ಮಾಡಿ.

ಎರಡು ಸೂಜಿ, ಒಂದು ದಾರ

ಅಂಚಿನಿಂದ 5 ಮಿ.ಮೀ. ಒಳಗೆ ಡಿವೈಡರಿನಿಂದ ಗೀರು ಎಳೆಯಿರಿ. ಅದೇ ಡಿವೈಡರನ್ನು 4 ಮಿ.ಮೀ.ಗೆ ಇಟ್ಟು ಗೀರಿನ ಮೇಲೆ ಹೆಜ್ಜೆ ಹಾಕಿಸುತ್ತಾ ಹೋಗಿ. ಅಂಗುಲಕ್ಕೆ ಸುಮಾರು 6 ಹೊಲಿಗೆ ಬರುತ್ತದೆ. ಒರೆಗೆ ಇದು ಸರಿ.

ದಾರ ಎಷ್ಟು ಬೇಕು? ಹೊಲಿಗೆಯ ನಾಲ್ಕು ಪಟ್ಟು ಅಂತ ಎಲ್ಲರೂ ಹೇಳುತ್ತಾರೆ. ತೆಳು ಚರ್ಮಕ್ಕೆ ಅದು ಸರಿ, ಇಲ್ಲಿ ಸಾಲುವುದಿಲ್ಲ. ಮೂರು ಪದರ ಸೇರಿ ನಮ್ಮ ಅಂಚು 8.5 ಮಿ.ಮೀ. ದಪ್ಪ. ಒಂದೊಂದು ಹೊಲಿಗೆಗೂ ದಾರದ ಒಂದು ತುದಿ 4 ಮಿ.ಮೀ. ಮುಂದೆ ಹೋಗಿ 8.5 ಮಿ.ಮೀ. ಒಳಗೆ ದಾಟಬೇಕು. ಎರಡು ತುದಿ ಸೇರಿ 25 ಮಿ.ಮೀ. ಅಂದರೆ ಆರು ಪಟ್ಟಿಗೂ ಜಾಸ್ತಿ. ಒಂದು ಬದಿಯ 13 ಸೆಂ.ಮೀ. ಹೊಲಿಗೆಗೆ 80 ಸೆಂ.ಮೀ. ದಾರ ಖರ್ಚು. ಸೂಜಿಗೆ ಪೋಣಿಸಲು, ಕೊನೆಗೆ ಎಳೆಯಲು ಸೇರಿಸಿ 125 ಸೆಂ.ಮೀ. ಕತ್ತರಿಸಿಕೊಳ್ಳಿ. ನಡುವೆ ದಾರ ಮುಗಿದರೆ ಗಂಟು ಹಾಕುವ ಹಾಗಿಲ್ಲ.

ಒರೆಯನ್ನು ಎರಡು ಹಲಗೆಯ ನಡುವೆ ಇಟ್ಟು ಮೊಣಕಾಲಿನಲ್ಲಿ ಒತ್ತಿ ಹಿಡಿಯಿರಿ. ಎರಡೂ ಕೈ ಬಿಡುವಾಗಿರಬೇಕು. ಬಾಯಿಯ ಕಡೆಯಿಂದ ಶುರು. ಆರಿಯನ್ನು ಚರ್ಮಕ್ಕೆ ನೆಟ್ಟಗೆ ಹಿಡಿದು ಚುಚ್ಚಿ, ಇಲ್ಲದಿದ್ದರೆ ಹಿಂದಿನ ಸಾಲು ವಕ್ರವಾಗಿ ಬರುತ್ತದೆ. ಮೊದಲ ತೂತಿನಲ್ಲಿ ದಾರ ಎಳೆದು ಎರಡೂ ಬದಿ ಸಮ ಮಾಡಿ. ಎರಡನೆಯ ತೂತು ಚುಚ್ಚಿ. ಎಡಗೈ ಸೂಜಿ ಮೊದಲು ದಾಟಲಿ, ಸ್ವಲ್ಪ ಎಳೆಯಿರಿ. ಅದೇ ತೂತಿನಲ್ಲಿ ಬಲಗೈ ಸೂಜಿ ಆ ದಾರದ ಹಿಂದಿನಿಂದ ಆಚೆಗೆ ಹೋಗಲಿ. ಸೂಜಿ ದಾರವನ್ನೇ ಚುಚ್ಚಬಾರದು. ಅದಕ್ಕೇ ಮೊಂಡು ಸೂಜಿ ಬೇಕು ಅಂದದ್ದು. ಈಗ ಎರಡೂ ಕೈಯಿಂದ ಒಂದೇ ಸಮ ಎಳೆಯಿರಿ. ದಾರ ಚರ್ಮದಲ್ಲಿ ಕೂತರೆ ಸಾಕು, ಚರ್ಮವನ್ನು ಕುಯ್ಯುವಷ್ಟು ಬೇಡ.

ಯಾವ ಕೈ ಮೊದಲು ಅನ್ನುವುದು ಮುಖ್ಯ ಅಲ್ಲ, ಕೊನೆವರೆಗೂ ಅದೇ ಕೈ ಮೊದಲಾಗಿರಬೇಕು. ನಡುವೆ ಅದಲುಬದಲಾದರೆ ಹೊಲಿಗೆಯ ಓರೆ ತಿರುಗಿಬಿಡುತ್ತದೆ, ನೋಡಿದವರಿಗೆ ಆ ಒಂದು ಹೊಲಿಗೆಯೇ ಕಣ್ಣಿಗೆ ಬೀಳುತ್ತದೆ. ಕೊನೆಯ ತೂತು ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ಮೂರು ತೂತು ಹಿಂದಕ್ಕೆ ಬಂದು ದಾರ ಕತ್ತರಿಸಿ. ಪಾಲಿಯೆಸ್ಟರ್ ದಾರವಾದರೆ ತುದಿಗೆ ಬೆಂಕಿ ತೋರಿಸಿ ಒತ್ತಿ. ಲಿನನ್ ಆದರೆ ಚರ್ಮದ ಮಟ್ಟಕ್ಕೆ ಕತ್ತರಿಸಿದರೆ ಸಾಕು.

ನೀರಲ್ಲಿ ಆಕಾರ

ಹೊಲಿದ ಒರೆಯನ್ನು ಉಗುರುಬೆಚ್ಚಗಿನ ನೀರಲ್ಲಿ ಒಂದು ನಿಮಿಷ ಮುಳುಗಿಸಿ. ಬಿಸಿ ನೀರು ಬೇಡವೇ ಬೇಡ, ಚರ್ಮ ಮುದುಡಿ ಮರದ ಹಾಗೆ ಗಟ್ಟಿಯಾಗುತ್ತದೆ. ಗುಳ್ಳೆ ಬರುವುದು ನಿಂತ ಮೇಲೆ ತೆಗೆದು, ಮೇಲಿನ ತೇವ ಆರುವವರೆಗೆ ಕಾಯಿರಿ. ಅಷ್ಟರಲ್ಲಿ ಕತ್ತರಿಗೆ ಎಣ್ಣೆ ಸವರಿ, ಪ್ಲಾಸ್ಟಿಕ್ ಹಾಳೆಯನ್ನು ಎರಡು ಸುತ್ತು ಬಿಗಿಯಾಗಿ ಸುತ್ತಿ. ಇದನ್ನು ತಪ್ಪಿಸಬೇಡಿ. ಒದ್ದೆ ಚರ್ಮದ ಒಗರು ಕಬ್ಬಿಣಕ್ಕೆ ತಾಗಿದ ಜಾಗ ಕಪ್ಪಾಗುತ್ತದೆ, ಆ ಕಲೆ ಸುಲಭಕ್ಕೆ ಹೋಗುವುದಿಲ್ಲ. ಅಳಲೆಕಾಯಿ ನೀರಿಗೆ ತುಕ್ಕು ಬೆರೆಸಿದರೆ ಮಸಿ ಆಗುವುದು ಇದೇ ಕಾರಣಕ್ಕೆ.

ಸುತ್ತಿದ ಕತ್ತರಿಯನ್ನು ಒಳಗೆ ತೂರಿಸಿ. ಚಮಚದ ಬೆನ್ನಿನಿಂದ ಮುಂಬದಿಯನ್ನು ಉಜ್ಜುತ್ತಾ, ಅಲಗಿನ ಆಕಾರ ಮೇಲೆ ಮೂಡುವವರೆಗೆ ಒತ್ತಿ. ಉಗುರು ತಾಗಿದರೆ ಆ ಗುರುತೂ ಉಳಿಯುತ್ತದೆ, ಹುಷಾರು. ಒಂದೆರಡು ಗಂಟೆ ಬಿಟ್ಟು ಕತ್ತರಿ ತೆಗೆದು, ಒರೆಯನ್ನು ನೆರಳಲ್ಲಿ ಒಂದು ದಿನ ಒಣಗಿಸಿ. ಬಿಸಿಲು, ಒಲೆ, ಹೇರ್ ಡ್ರೈಯರ್ ಯಾವುದೂ ಬೇಡ.

ಅಂಚಿಗೆ ಸ್ವಲ್ಪ ನೀರು ಸವರಿ, ಒರಟು ಬಟ್ಟೆಯಿಂದ ಜೋರಾಗಿ ಉಜ್ಜಿ. ಮೂರೂ ಪದರ ಒಂದೇ ಆಗಿ ಹೊಳಪು ಬರುತ್ತದೆ. ಕೊನೆಗೆ ಜೇನುಮೇಣ ಒಂದು ಪಾಲು, ಎಣ್ಣೆ ಎರಡು ಪಾಲು ಕರಗಿಸಿ, ಆರಿದ ಮೇಲೆ ತೆಳ್ಳಗೆ ಹಚ್ಚಿ. ಎಣ್ಣೆ ಜಾಸ್ತಿ ಕುಡಿಸಿದರೆ ಕಷ್ಟಪಟ್ಟು ತಂದ ಆಕಾರ ಮೆತ್ತಗಾಗಿಬಿಡುತ್ತದೆ.

ಮಲೆನಾಡಿನವರಿಗೆ ಒಂದು ಮಾತು. ಮಳೆಗಾಲದಲ್ಲಿ ಒರೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡುವ ಕಡೆ ನೇತುಹಾಕಿ. ಕತ್ತರಿಯನ್ನೂ ಅದರೊಳಗೆ ತಿಂಗಳುಗಟ್ಟಲೆ ಬಿಡಬೇಡಿ, ತುಕ್ಕು ಗ್ಯಾರಂಟಿ.

ಕೈ ಕುದುರಿದ ಮೇಲೆ ಇದೇ ಹೊಲಿಗೆಯಲ್ಲಿ ಕತ್ತಿಯ ಒರೆ, ನಾಯಿಯ ಕೊರಳಪಟ್ಟಿ ಮಾಡಬಹುದು. ಲೈಸೆನ್ಸ್ ಇರುವ ಪಿಸ್ತೂಲಿನ ಒರೆಗೂ ಕ್ರಮ ಹೆಚ್ಚುಕಡಿಮೆ ಇದೇ, ಆದರೆ ಟ್ರಿಗರ್ ಪೂರ್ತಿ ಮುಚ್ಚಿರಬೇಕು. ಕುದುರೆ ಸಾಮಾನಿಗೆ ಕೈ ಹಾಕುವ ಆಸೆಯಿದ್ದರೆ ಲಾಯದಲ್ಲಿ ಕಟ್ಟಿಹಾಕಲು ಬಳಸುವ ಮುಖಪಟ್ಟಿಯಿಂದ ಶುರು ಮಾಡಿ. ನೈಲಾನಿನದಕ್ಕಿಂತ ಚರ್ಮದ ಮುಖಪಟ್ಟಿಯನ್ನೇ ಎಷ್ಟೋ ಜನ ಇಷ್ಟಪಡುತ್ತಾರೆ. ಕುದುರೆ ಎಲ್ಲಾದರೂ ಸಿಕ್ಕಿಕೊಂಡು ಒದ್ದಾಡಿದರೆ ಚರ್ಮ ಕಿತ್ತುಬರುತ್ತದೆ, ಕುದುರೆಯ ಕತ್ತು ಉಳಿಯುತ್ತದೆ. ಸವಾರ ಕಾಲಿಡುವ ರಿಕಾಪಿನ ಪಟ್ಟಿ, ಜೀನು ಬಿಗಿಯುವ ಹೊಟ್ಟೆಪಟ್ಟಿ ಇವೆರಡನ್ನು ಮಾತ್ರ ಪಳಗಿದವರ ಕೈಯಲ್ಲೇ ಮಾಡಿಸಿ.