ತೋಟದ ಕೆರೆಯಲ್ಲಿ ಧ್ರುವಕಡಲಿನ ತಾಲೀಮು

ನಾರ್ವೆಯ ಉತ್ತರಕ್ಕೆ ಧ್ರುವಕಡಲಿನಲ್ಲಿರುವ ಸ್ವಾಲ್ಬಾರ್ಡ್ ದ್ವೀಪಗಳ ಕಡೆ ಸಣ್ಣ ಹಾಯಿದೋಣಿ ಒಯ್ಯಲು ಜುಲೈ-ಆಗಸ್ಟ್ ತಕ್ಕ ಕಾಲ. ಕೊಡಗಿನಲ್ಲಿ ಆಗ ಕಕ್ಕಡದ ಮಳೆ, ತೋಟದ ಕೆಲಸವೂ ಕಡಿಮೆ. ತಾಲೀಮು ಮಾತ್ರ ಹಿಂದಿನ ಅಕ್ಟೋಬರ್‌ನಲ್ಲೇ ಶುರುವಾಗಲಿ. ಆಗ ಕೆರೆ ತುಂಬಿರುತ್ತದೆ. ಫೆಬ್ರವರಿಯಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಇಟ್ಟರೆ ನೀರು ಇಳಿದುಹೋಗುತ್ತದೆ. ಹಾಯಿ ನಡೆಸುವುದನ್ನು ಕರಾವಳಿಯಲ್ಲೇ ಕಲಿಯಬೇಕು. ಕೆರೆ ಬೇಕಾಗುವುದು ನೀರಿಗೆ ಬಿದ್ದವರನ್ನು ಎತ್ತುವ ಅಭ್ಯಾಸಕ್ಕೆ.

ಅಲ್ಲಿನ ನೀರಿಗೆ ಬಿದ್ದರೆ ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಸಿಗದು. ಆಮೇಲೆ ಕೈಕಾಲು ಮಾತು ಕೇಳುವುದು ಸುಮಾರು 10 ನಿಮಿಷ ಮಾತ್ರ. ಹಾಗಾಗಿ ಬಿದ್ದವರ ಪಾತ್ರ ಮಾಡುವವರು ಲೈಫ್ ಜಾಕೆಟ್ ತೊಟ್ಟು ಸುಮ್ಮನೆ ತೇಲಲಿ, ಎತ್ತುವವರಿಗೆ ಸ್ವಲ್ಪವೂ ನೆರವಾಗಬಾರದು. ದೋಣಿಯಲ್ಲಿರುವವರು ಹಾಯಿ ಇಳಿಸಿ, ಹಗ್ಗ ಸಿಕ್ಕಿಸಿ, ರಾಟೆಯಿಂದ ಎಳೆದುಕೊಳ್ಳಲಿ. ಆದಷ್ಟು ಮಲಗಿದ ಭಂಗಿಯಲ್ಲೇ ಎತ್ತಿ. ಚಳಿ ಹಿಡಿದ ದೇಹವನ್ನು ನೆಟ್ಟಗೆ ಎತ್ತಿದರೆ ರಕ್ತದೊತ್ತಡ ಒಮ್ಮೆಲೇ ಕುಸಿಯಬಹುದು. ಇಡೀ ಕೆಲಸ 5 ನಿಮಿಷದೊಳಗೆ ಮುಗಿಯುವ ತನಕ ಟಿಕೆಟ್ ಮಾತೇ ಬೇಡ.

ಕೆರೆಯ ನೀರಿನಿಂದ ಆ ಚಳಿ ಗೊತ್ತಾಗುವುದಿಲ್ಲ. ಅದಕ್ಕೆ 10 ಲೀಟರ್ ನೀರಿಗೆ 350 ಗ್ರಾಂ ಉಪ್ಪು ಕರಗಿಸಿ, ಮೀನಂಗಡಿಯ ಐಸ್ ಧಾರಾಳವಾಗಿ ಹಾಕಿ. ಒಂದು ನಿಮಿಷ ಕೈ ಅದ್ದಿ ತೆಗೆದು ಬೋಲೈನ್ ಗಂಟು (ಜಾರದ ಕುಣಿಕೆ) ಹಾಕಿ, ಶ್ಯಾಕಲ್ (ಪಿನ್ನು ತಿರುಗಿಸಿ ಮುಚ್ಚುವ ಲೋಹದ ಕೊಂಡಿ) ಬಿಚ್ಚಿ ನೋಡಿ. ಬೆರಳು ಬಿಳಿಚಿದರೆ ಅಲ್ಲಿಗೇ ಬಿಡಿ. ಶ್ಯಾಕಲ್ ಪಿನ್ನಿನ ತಿರುಪು ಎಲ್ಲಿ ಹಿಡಿದಿದೆ, ಎಲ್ಲಿ ಬಿಟ್ಟಿದೆ ಎಂದು ಬೆರಳಿಗೆ ತಿಳಿಯುವುದೇ ಇಲ್ಲ. ಪಿನ್ನು ಜಾರಿ ಬೀಳುತ್ತದೆ. ಅಂಥ ಜಾಗದಲ್ಲೆಲ್ಲ ಹಗ್ಗದ ಕುಣಿಕೆ, ಮರದ ಗೂಟ ಹಾಕಿಕೊಳ್ಳಿ.

ಮಳೆಗಾಲದ ಜರ್ಕಿನ್ ಅಲ್ಲಿ ನಡೆಯದು, ಡ್ರೈ ಸೂಟ್ ಬೇಕು. ಅದು ನೀರು ತಡೆಯುತ್ತದೆ ಅಷ್ಟೆ. ಬೆಚ್ಚಗಿಡುವುದು ಒಳಗಿನ ಉಣ್ಣೆ. ಮೂತ್ರಕ್ಕೆ ಹೋಗಿ ಬಂದವರು ಜಿಪ್ ಪೂರ್ತಿ ಎಳೆಯಲು ಮರೆಯುತ್ತಾರೆ. ಒಬ್ಬರ ಜಿಪ್ ಇನ್ನೊಬ್ಬರು ನೋಡಲಿ.

ಅಡುಗೆಯ ಸಣ್ಣ ಗ್ಯಾಸ್ ಡಬ್ಬಿಯಲ್ಲಿರುವ ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಪಂಪ್ ಸ್ಟವ್ ಒಯ್ಯಿರಿ, ಸೀಮೆಎಣ್ಣೆ ಅಲ್ಲೇ ಕೊಳ್ಳಿ.

ಇನ್ನು ಹಿಮ. ದೊಡ್ಡ ಹಿಮಗಡ್ಡೆಯ ಬಹುಪಾಲು ನೀರಿನಡಿ ಇರುವುದರಿಂದ ಅದು ಹೆಚ್ಚಾಗಿ ಕಡಲಿನ ಹರಿವಿನ ಜೊತೆ ಹೋಗುತ್ತದೆ. ಪುಡಿಗಡ್ಡೆ ಗಾಳಿಯ ಜೊತೆ. ಆದ್ದರಿಂದ ಗಾಳಿ ಬರುವ ಬದಿಯಿಂದ ದಾಟಿ, ಚೂರುಗಳೆಲ್ಲ ಆಚೆ ಬದಿಗೆ ಸರಿದಿರುತ್ತವೆ. ಗಡ್ಡೆಯ ಉದ್ದ ಅಥವಾ ಎತ್ತರದ ಎರಡರಷ್ಟು, ಯಾವುದು ಹೆಚ್ಚೋ ಅಷ್ಟು ದೂರವಿರಿ. ಅದು ಯಾವಾಗ ಮಗುಚುತ್ತದೆಂದು ಹೇಳಲಾಗದು. ನಿಜವಾಗಿ ದೋಣಿ ಒಡೆಯುವುದು ನೀರಿನ ಮಟ್ಟಕ್ಕೇ ತೇಲುವ, ಗಾಜಿನಂಥ ತುಂಡು. ಅದಕ್ಕೇ ಮೂತಿಯಲ್ಲಿ ಒಬ್ಬರು ಉದ್ದ ಗಳು ಹಿಡಿದು ನಿಂತಿರಬೇಕು.

ರಾತ್ರಿ ತಂಗಲು ಆಳವಿಲ್ಲದ ಕೊಲ್ಲಿ ನೋಡಿ, ದೊಡ್ಡ ಗಡ್ಡೆ ಬಾಯಲ್ಲೇ ನೆಲ ಕಚ್ಚುತ್ತದೆ. ಹಿಮನದಿಯ ಎದುರಿನ ದಡಕ್ಕೆ ಮಾತ್ರ ದೋಣಿ ಎಳೆಯಬೇಡಿ: ಅದರ ಹಿಮದ ಗೋಡೆ ಕುಸಿದರೆ ಏಳುವ ಅಲೆ ಆಳ ಕಡಿಮೆಯಿರುವಲ್ಲೇ ಎತ್ತರವಾಗಿ ಮುರಿಯುತ್ತದೆ. ಗಾಳಿ ತಿರುಗಿದರೆ ಪುಡಿಗಡ್ಡೆ ಕೊಲ್ಲಿಯ ಬಾಯಿ ಮುಚ್ಚೀತು. ಸೂರ್ಯ ಮುಳುಗದ ಊರಾದರೂ ಸರದಿ ಕಾವಲು ತಪ್ಪಿಸುವಂತಿಲ್ಲ. ದಡದಲ್ಲಿ ಹಿಮಕರಡಿಯೂ ಇದೆ.